ತೂಕ ಇಳಿಯುತ್ತಿರುವಾಗ ಹೊಸ ಬಟ್ಟೆ ತಗೊಳ್ಳಬೇಕಾ, ಕಾಯಬೇಕಾ?

ಕುಂಬಳೆ ಸ್ಟೇಶನ್ನಿನಲ್ಲಿ ದಿನಾ ನಮ್ಮ ರೈಲಿನ ಬೋಗಿಗೆ ಹತ್ತುವ ಹಿರಿಯರೊಬ್ಬರಿದ್ದಾರೆ. ಒಂದು ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸ್ವರ ತಗ್ಗಿಸಿ ಕೇಳಿದರು: "ಎಂತ ಮಾರಾಯ್ರೆ, ಶುಗರ್ ಉಂಟಾ?" ನಾನಾಗ ಒಂಬತ್ತು ಕೆಜಿ ಇಳಿಸಿದ ಖುಷಿಯಲ್ಲಿದ್ದೆ. ಯಾರಾದರೂ ಶಹಬ್ಬಾಸ್ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ಸಿಕ್ಕಿದ್ದು ಇದು. ಅದೇ ವಾರ ಅಮ್ಮ ಫೋನಿನಲ್ಲಿ "ಊಟ ಸರಿ ಮಾಡ್ತಾ ಇಲ್ವಾ?" ಎಂದು ಕೇಳಿದರು. ಯಾರೋ ನೋಡಿದವರು ಹೋಗಿ ಹೇಳಿದ್ದು.

ತಪ್ಪು ಅವರದಲ್ಲ, ನನ್ನ ಅಂಗಿಯದು. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಉತ್ತರ ಬರೆಯಲು ಕೂತೆ.

ನೀವು ಹೇಳಿದ್ದು ಇಷ್ಟು: ವಯಸ್ಸು 38, ಎಂಟು ಕೆಜಿ ಇಳಿದಿದೆ, ಇನ್ನೂ ಹತ್ತು ಇಳಿಸಬೇಕು. ಹಳೆ ಟೀಶರ್ಟ್, ಜೀನ್ಸ್ ಎಲ್ಲ ಜೋತು ಬೀಳುತ್ತಿವೆ. ಈಗಿನ ಹುಡುಗರು ಹಾಕುವ ಓವರ್‌ಸೈಜ್ ಟೀಶರ್ಟ್, ಕಾರ್ಗೋ (ತೊಡೆಯ ಮೇಲೆ ಜೇಬಿರುವ ಪ್ಯಾಂಟ್), ಸ್ನೀಕರ್ ಕಡೆಗೆ ಮನಸ್ಸು. ಈಗಲೇ ತಗೊಳ್ಳಲಾ, ತೂಕ ನಿಂತ ಮೇಲಾ? ಹಳೆಯದನ್ನೇ ಓವರ್‌ಸೈಜ್ ಎಂದು ಹಾಕಿಕೊಂಡರೆ ನಡೆಯುತ್ತದಾ? ಆಫರಿನಲ್ಲಿ 32ರ ಜೀನ್ಸ್ ಉಂಟು, ತಗೊಂಡು ಇಟ್ಟುಕೊಳ್ಳಲಾ?

ಕಾಯಬೇಡಿ. ಆದರೆ ಈಗ ತಗೊಳ್ಳುವುದು ಕಡಿಮೆ ಇರಲಿ.

ನನ್ನ ಲೆಕ್ಕ ಹೇಳುತ್ತೇನೆ. ಮನೆ ಕಾಸರಗೋಡಿನ ವಿದ್ಯಾನಗರದಲ್ಲಿ, ಕೆಲಸ ಮಂಗಳೂರಿನಲ್ಲಿ. ದಿನಾ ರೈಲು. ಆಫೀಸಿನಲ್ಲಿ ಡ್ರೆಸ್ ಬಗ್ಗೆ ಯಾರೂ ಕೇಳುವುದಿಲ್ಲ, ಹಾಗಾಗಿ ವಾರವಿಡೀ ಟೀಶರ್ಟ್, ಜೀನ್ಸೇ. 96 ಕೆಜಿ ಇದ್ದವನು 80ಕ್ಕೆ ಬರಲು 14 ತಿಂಗಳು ಹಿಡಿಯಿತು. ವಾರಕ್ಕೆ ಅರ್ಧದಿಂದ ಒಂದು ಕೆಜಿ ಇಳಿದರೆ ಸರಿ ಎನ್ನುತ್ತಾರಲ್ಲ, ನನ್ನದು ಮೊದಲು ಹಾಗೇ ಇತ್ತು. ಆಮೇಲೆ ಓಣಂ ಬಂತು, ಎರಡು ಮದುವೆ ಬಂತು, ಒಂದು ತಿಂಗಳು ಮುಳ್ಳು ಅಲ್ಲಾಡಲೇ ಇಲ್ಲ. ಅಂದರೆ "ತೂಕ ನಿಂತ ಮೇಲೆ" ಎಂಬ ದಿನ ಕ್ಯಾಲೆಂಡರಿನಲ್ಲಿ ಇಲ್ಲ. ಅಷ್ಟು ಸಮಯ ಡೇರೆ ಹೊದ್ದುಕೊಂಡು ತಿರುಗಿದರೆ ಊರಿಡೀ ನಿಮಗೆ ಕಾಯಿಲೆ ಎಂದು ತೀರ್ಮಾನ ಮಾಡಿರುತ್ತದೆ. (ಏನೂ ಪ್ರಯತ್ನ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಮಾತ್ರ ಬಟ್ಟೆಯಂಗಡಿ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಶುಗರ್‌ಗೆ ಅದೂ ಒಂದು ಲಕ್ಷಣವೇ.)

ಈಗ ಹಳೆಯದನ್ನೇ ಓವರ್‌ಸೈಜ್ ಎಂದು ಹಾಕುವ ವಿಷಯ. ನಾನೂ ಇದೇ ಬುದ್ಧಿ ಓಡಿಸಿದ್ದೆ. ಡಬಲ್ ಎಕ್ಸ್‌ಎಲ್‌ನ ಹಳೆ ಕಪ್ಪು ಟೀಶರ್ಟ್ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದೆ. ಒಂಬತ್ತನೇ ಕ್ಲಾಸಿನ ಮಗ ಹಿಂದಿನಿಂದ ಹೇಳಿದ, "ಅದು ಓವರ್‌ಸೈಜ್ ಅಲ್ಲಪ್ಪಾ, ಬರೀ ದೊಡ್ಡದು." ಸಿಟ್ಟು ಬಂತು, ಆದರೆ ಅವನ ಟೀಶರ್ಟನ್ನು ನನ್ನದರ ಪಕ್ಕ ಹಾಸಿಗೆ ಮೇಲೆ ಹಾಸಿ ನೋಡಿದೆ. ಅವನು ಹೇಳಿದ್ದು ನಿಜ.

ಓವರ್‌ಸೈಜ್ ಎಂದು ಹೊಲಿದ ಟೀಶರ್ಟಿನಲ್ಲಿ ಎದೆ ಅಗಲ, ಭುಜದ ಹೊಲಿಗೆ ಬೇಕೆಂದೇ ತೋಳಿನ ಮೇಲೆ ಇಳಿದಿರುತ್ತದೆ. ಆದರೆ ಕುತ್ತಿಗೆ ಪಟ್ಟಿ ದಪ್ಪ, ಕತ್ತಿಗೆ ಹತ್ತಿರವೇ ಕೂರುತ್ತದೆ. ಉದ್ದವೂ ಹೆಚ್ಚಿಲ್ಲ, ಸೊಂಟ ದಾಟಿ ಸ್ವಲ್ಪ ಕೆಳಗೆ ಬಂದು ನಿಲ್ಲುತ್ತದೆ. ನನ್ನ ಹಳೆಯದರಲ್ಲಿ ಕುತ್ತಿಗೆ ಬಾವಿಯ ಹಾಗೆ ತೆರೆದುಕೊಂಡು ಕೊರಳಿನ ಎಲುಬು ಕಾಣುತ್ತಿತ್ತು. ಉದ್ದ ಅರ್ಧ ತೊಡೆಯವರೆಗೆ ಇತ್ತು. ಬಡಕಲಾಗಿ ತೋರಿಸುವುದು ಆ ಕುತ್ತಿಗೆಯೇ. ಶುಗರ್ ಪ್ರಶ್ನೆ ಹುಟ್ಟುವುದೂ ಅಲ್ಲಿಂದಲೇ.

ಹಾಗಾಗಿ ಕಪಾಟು ತೆರೆದು ಒಂದೊಂದನ್ನೇ ಹಾಕಿ ನೋಡುವಾಗ ಹೊಟ್ಟೆ ನೋಡಬೇಡಿ, ಭುಜ ಮತ್ತು ಕುತ್ತಿಗೆ ನೋಡಿ. ಸಾದಾ ಅಂಗಿಯ ಭುಜದ ಹೊಲಿಗೆ ನಿಮ್ಮ ಭುಜದ ತುದಿಯ ಎಲುಬಿನ ಮೇಲೆ ಬರಬೇಕು. ಅಲ್ಲಿಂದ ಎರಡು ಬೆರಳು ಕೆಳಗೆ ಜಾರಿದ್ದರೆ ಅದರ ಕಥೆ ಮುಗಿಯಿತು. ಪಕ್ಕದ ಹೊಲಿಗೆ ಹಿಡಿಯುವುದು ಸುಲಭ, ಭುಜ ಚಿಕ್ಕದು ಮಾಡಬೇಕೆಂದರೆ ತೋಳನ್ನೇ ಬಿಚ್ಚಬೇಕು. ಟೀಶರ್ಟಿಗೆ ಅಷ್ಟು ಖರ್ಚು ಸುಮ್ನೆ ದಂಡ.

ಆಲ್ಟರೇಶನ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ. ಜೀನ್ಸಿನ ಸೊಂಟವನ್ನು ಹಿಂದಿನ ನಡು ಹೊಲಿಗೆಯಲ್ಲಿ ಹಿಡಿಯುತ್ತಾರೆ. 38 ಇದ್ದದ್ದನ್ನು 36 ಮಾಡಬಹುದು, ಗೊತ್ತಾಗುವುದಿಲ್ಲ. ನಾನು ಆಸೆಗೆ ಬಿದ್ದು ಮಂಗಳೂರಿನ ಒಂದು ಅಂಗಡಿಯಲ್ಲಿ 38ನ್ನು 34 ಮಾಡಿಸಿದೆ. ಹಿಂದಿನ ಎರಡು ಜೇಬುಗಳು ಮುಹೂರ್ತಕ್ಕೆ ನಿಂತ ವಧೂವರರ ಹಾಗೆ ಅಂಟಿಕೊಂಡವು. ಸೊಂಟ ಬಿಗಿಯಾಯಿತು, ತೊಡೆ ಮಾತ್ರ ಹಾಗೇ ಜೋಲಿ. ಆ ಜೀನ್ಸ್ ಈಗ ತೋಟಕ್ಕೆ ಹೋಗುವಾಗ ಹಾಕುತ್ತೇನೆ.

ಟೀಶರ್ಟ್ ಹಿಡಿಸುವುದಾದರೆ ಓವರ್‌ಲಾಕ್ ಮಿಷನ್ ಇರುವ ಟೈಲರನ್ನೇ ಹುಡುಕಿ. ಟೀಶರ್ಟ್ ಬಟ್ಟೆ ಎಳೆದರೆ ಹಿಗ್ಗುತ್ತದೆ, ಸಾದಾ ಮಿಷನ್ನಿನ ಹೊಲಿಗೆ ಹಿಗ್ಗುವುದಿಲ್ಲ. ತಲೆಯ ಮೇಲಿಂದ ತೆಗೆಯುವಾಗ ಟಪ್ ಎಂದು ದಾರ ತುಂಡಾಗುತ್ತದೆ.

ನಮ್ಮ ಕಡೆ ನಾವೆಲ್ಲ ಇಚ್ಚ ಎಂದೇ ಕರೆಯುವ ಒಬ್ಬ ಟೈಲರ್ ಇದ್ದಾರೆ. ಮೊದಲ ಸಲ ಪ್ಯಾಂಟ್ ಹಿಡಿದುಕೊಂಡು ಹೋದಾಗ ಟೇಪ್ ಸುತ್ತಿ, "ತಡಿ ಕೊರಞ್ಞಲ್ಲಾ" ಎಂದು ಮಲಯಾಳದಲ್ಲಿ ಖುಷಿಪಟ್ಟರು. ತೂಕ ಇಳಿಯಿತಲ್ಲಾ ಎಂದು. ಕಾಯಿಲೆ ಕೇಳದೆ ಮೆಚ್ಚಿದ ಮೊದಲ ಮನುಷ್ಯ! ಅವರು ಹೇಳಿದ ಒಂದು ಮಾತು ನಿಮಗೂ ಉಪಯೋಗ: ಪ್ರತಿ ಮೂರು ಕೆಜಿಗೆ ಓಡಿ ಬರಬೇಡ, ಒಂದೇ ಪ್ಯಾಂಟನ್ನು ಎರಡು ಸಲಕ್ಕಿಂತ ಹೆಚ್ಚು ಬಿಚ್ಚಿದರೆ ಸೂಜಿ ತೂತುಗಳು ಹೊರಗೆ ಕಾಣುತ್ತವೆ. ಹಾಗಾಗಿ ನಾನು ಇರುವುದರಲ್ಲಿ ಒಳ್ಳೆಯ ಎರಡು ಪ್ಯಾಂಟ್ ಮಾತ್ರ, ಒಂದೇ ಒಂದು ಸಲ ಹಿಡಿಸಿದೆ. ಉಳಿದದ್ದನ್ನು ಬಿಟ್ಟುಬಿಟ್ಟೆ.

ಇನ್ನು ಹೊಸದು. ತೂಕ ಎಷ್ಟೇ ಆಗಲಿ ಕೇರ್ ಮಾಡದ ವಸ್ತುಗಳಿಗೆ ಮೊದಲು ದುಡ್ಡು ಹಾಕಿ. ನಮ್ಮ ಮುಂಡು ನೋಡಿ, 96ರಲ್ಲಿ ಉಟ್ಟದ್ದೇ 80ಕ್ಕೂ ಆಯಿತು, ಒಂದು ಸುತ್ತು ಜಾಸ್ತಿ ಅಷ್ಟೆ. ಅದೇ ಲೆಕ್ಕದಲ್ಲಿ ಪ್ಯಾಂಟ್ ಹುಡುಕಿದರೆ ಸಿಗುವುದು ಲಾಡಿ ಇರುವ ಕಾರ್ಗೋ. ಸೊಂಟಕ್ಕೆ ಎಲಾಸ್ಟಿಕ್, ಒಳಗೆ ಲಾಡಿ, ಕಾಲಿನ ತುದಿಗೂ ಲಾಡಿ. ನಾನು 88 ಕೆಜಿಯಲ್ಲಿ ತಗೊಂಡದ್ದನ್ನು ಈಗಲೂ ಹಾಕುತ್ತೇನೆ. ತೊಡೆಯ ಜೇಬು ಉಬ್ಬಿಕೊಂಡಿರುವುದು ಬೇಡ, ಚಪ್ಪಟೆಯಾಗಿ ಹೊಲಿದದ್ದು ನೋಡಿ. ಪರ್ಸು, ಪವರ್ ಬ್ಯಾಂಕ್ ಎಲ್ಲ ಅದರಲ್ಲಿ ತುಂಬಿಸಿದರೆ ಇಳಿಸಿದ ಹತ್ತು ಕೆಜಿ ಅಲ್ಲೇ ವಾಪಸ್ ಬಂದ ಹಾಗೆ ಕಾಣುತ್ತದೆ.

ಬೆಲ್ಟ್: ನನ್ನ ಹಳೆ ಚರ್ಮದ ಬೆಲ್ಟಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರ ಬಳಿ ಒಂದೊಂದಾಗಿ ನಾಲ್ಕು ತೂತು ಹಾಕಿಸಿದೆ. ಕೊನೆಗೆ ಅದರ ಬಾಲ ಸುತ್ತಿ ಬಂದು ಬೆನ್ನ ಹತ್ತಿರದ ಲೂಪಿಗೆ ಸಿಕ್ಕಿಸುವ ಹಾಗಾಯಿತು. ತೂತಿಲ್ಲದ, ಹಲ್ಲುಹಲ್ಲಾಗಿ ಜಾರಿ ಲಾಕ್ ಆಗುವ ಬೆಲ್ಟ್ ಬರುತ್ತದೆ. ಬಕಲ್ ಬಿಚ್ಚಿ ಆ ಕಡೆಯ ತುದಿಯನ್ನು ಕತ್ತರಿಯಿಂದ ಕತ್ತರಿಸಿ ಮತ್ತೆ ಸಿಕ್ಕಿಸಿದರೆ ಆಯಿತು. ಮೊದಲೇ ಗೊತ್ತಿದ್ದರೆ ಅದನ್ನೇ ತಗೊಳ್ಳುತ್ತಿದ್ದೆ.

ಶೂಗೆ ಸ್ವಲ್ಪ ಹೆಚ್ಚು ಖರ್ಚು ಮಾಡಿ, ಪಾದದ ಸೈಜು ಹೊಟ್ಟೆಯಷ್ಟು ಬದಲಾಗುವುದಿಲ್ಲ. ಆದರೆ ನಾನು ಮಾಡಿದ ಹಾಗೆ ಮೇ ಕೊನೆಗೆ ಅಚ್ಚ ಬಿಳಿ ಸ್ನೀಕರ್ ತರಬೇಡಿ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಮನೆಯಿಂದ ಬಸ್‌ಸ್ಟಾಪಿಗೆ ಹೋಗುವ ದಾರಿ ಮುರಕಲ್ಲಿನ ಕೆಂಪು ಮಣ್ಣು. ಎರಡೇ ದಿನದಲ್ಲಿ ಶೂ ಅಂಚಿಗೆ ಕುಂಕುಮ ಬಳಿದ ಹಾಗಾಯಿತು. ಆ ಕೆಂಪು ಬರುವುದು ಮಣ್ಣಿನ ಕಬ್ಬಿಣದ ಅಂಶದಿಂದ, ಬ್ಲೀಚಿಗೆಲ್ಲ ಹೋಗುವುದಿಲ್ಲ. ಲಿಂಬೆರಸ ಹಾಕಿ ಹಳೆ ಟೂತ್‌ಬ್ರಶ್ಶಿನಲ್ಲಿ ತಿಕ್ಕಿದ್ದಕ್ಕೆ ಸ್ವಲ್ಪ ಬಿಟ್ಟಿತು. ಕಂದು ಅಥವಾ ಬೂದು ಬಣ್ಣದ್ದು ತಗೊಳ್ಳಿ. ಬಿಳಿಯೇ ಬೇಕೆಂದರೆ ಅಕ್ಟೋಬರ್‌ವರೆಗೆ ತಡೆಯಿರಿ. ಮಳೆಗಾಲಕ್ಕೆ ರಬ್ಬರ್ ಸ್ಯಾಂಡಲ್ ಸಾಕು.

ಟೀಶರ್ಟ್ ಈಗ ಮೂರು ಸಾಕು, ನಾಲ್ಕನೆಯದು ಬೇಡ. ಇಲ್ಲಿ ಬಟ್ಟೆಯ ತೂಕ ಎಂಬ ಒಂದು ವಿಷಯ ಉಂಟು. ಕೆಲವು ಟೀಶರ್ಟುಗಳ ವಿವರದಲ್ಲಿ ಜಿಎಸ್‌ಎಂ ಎಂದು ಬರೆದಿರುತ್ತದೆ, ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಎಂದು ಅರ್ಥ. ಆನ್‌ಲೈನಿನಲ್ಲಿ ಎಲ್ಲರೂ 240 ಜಿಎಸ್‌ಎಂ ತಗೊಳ್ಳಿ, ದಪ್ಪ ಬಟ್ಟೆ ಚೆನ್ನಾಗಿ ನಿಲ್ಲುತ್ತದೆ ಎನ್ನುತ್ತಾರೆ. ನಿಲ್ಲುವುದು ನಿಜ, ತೂಕ ಇಳಿದ ಮೇಲೆ ಎದೆ ಹತ್ತಿರ ಸಡಿಲವಾಗಿ ಉಳಿಯುವ ಮಾಂಸವೂ ಮುಚ್ಚುತ್ತದೆ. ಆದರೆ ಹಾಗೆ ಬರೆದವರು ಕಾಸರಗೋಡಿನ ಜುಲೈ ನೋಡಿದವರಲ್ಲ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನನ್ನ 240ರ ಟೀಶರ್ಟ್ ಜಗಲಿಯಲ್ಲಿ ಮೂರು ದಿನ ನೇತಾಡಿ ಒಣಗಲಿಲ್ಲ, ನಾಯಿ ಒದ್ದೆಯಾದ ವಾಸನೆ ಬಂತು. ತೀರಾ ತೆಳು, 140-150ರದ್ದು, ಬೆವರಿಗೆ ಮೈಗೆ ಅಂಟಿ ಎಲ್ಲವನ್ನೂ ತೋರಿಸುತ್ತದೆ. 180ರಿಂದ 200 ನಮಗೆ ಸರಿ. ಬಣ್ಣದಲ್ಲಿ ಬೂದು ಬೇಡ, ರೈಲಿನಲ್ಲಿ ಉಪ್ಪಳ ಬರುವ ಮೊದಲೇ ಕಂಕುಳ ಕೆಳಗೆ ನಕ್ಷೆ ಮೂಡುತ್ತದೆ. ಬಿಳಿ, ನೇವಿ, ಕಡು ಹಸಿರು ಬೆವರು ಮುಚ್ಚುತ್ತವೆ.

ಈಗಿನ ಸೈಜಿಗಿಂತ ಚಿಕ್ಕದು ತಗೊಳ್ಳಬೇಡಿ. ಓವರ್‌ಸೈಜ್ ಕಟ್ಟಿನಲ್ಲೇ ನಿಮ್ಮ ಇವತ್ತಿನ ಸೈಜು ತಗೊಂಡರೆ, ಐದಾರು ಕೆಜಿ ಇಳಿದ ಮೇಲೂ ಅದು ನಡೆಯುತ್ತದೆ. ಇಳಿಯುತ್ತಿರುವವರಿಗೆ ಈ ಫ್ಯಾಶನ್ ಒಂಥರಾ ವರ. ಆದರೆ ಮೇಲೂ ಅಗಲ, ಕೆಳಗೂ ಅಗಲ ಬೇಡ. ಇದು ನನ್ನ ಅಭಿಪ್ರಾಯ, ಮಗ ಒಪ್ಪುವುದಿಲ್ಲ. ಅವನು ಆರಡಿ ಕಡ್ಡಿ, ಅವನಿಗೆ ನಡೆಯುತ್ತದೆ. ನಾನು ಐದಡಿ ಆರಿಂಚು, ಎರಡೂ ಅಗಲವಾದರೆ ದಿಂಬಿನ ಚೀಲ ನಡೆದು ಬಂದ ಹಾಗಿರುತ್ತದೆ. ಎದೆ ತುಂಬ ದೊಡ್ಡ ಅಕ್ಷರದ ಪ್ರಿಂಟೂ ನನಗೆ ಬೇಡ. ನಲವತ್ತರ ಹತ್ತಿರ ಬಂದವರು ಕಾರ್ಗೋ ಹಾಕಬಹುದಾ ಎಂದರೆ ಧಾರಾಳ ಹಾಕಬಹುದು, ಅದಕ್ಕೆ ಯಾರ ಪರ್ಮಿಶನ್ನೂ ಬೇಡ.

ಇನ್ನೊಂದು, ಇದು ನನಗೆ ತುಂಬ ಇಷ್ಟವಾದದ್ದು. ಟೀಶರ್ಟಿನ ಮೇಲೆ ಗುಂಡಿ ತೆರೆದು ಹಾಕುವ ಅರ್ಧ ತೋಳಿನ ಅಗಲ ಶರ್ಟ್ ಬರುತ್ತದಲ್ಲ, ಕಾಲರ್ ಚಪ್ಪಟೆಯಾಗಿ ಮಲಗಿರುವುದು. ರೆಡಿಮೇಡ್ ತಗೊಳ್ಳುವ ಬದಲು ಕಣ್ಣೂರಿನ ಕೈಮಗ್ಗದ ಹತ್ತಿ ಬಟ್ಟೆ ಎರಡೂಕಾಲು ಮೀಟರ್ ತಂದು ಇಚ್ಚನ ಹತ್ತಿರ ಹೊಲಿಸಿದೆ. ಓಣಂ ಹೊತ್ತಿಗೆ ಕೈಮಗ್ಗಕ್ಕೆ ರಿಬೇಟ್ ಇರುತ್ತದೆ, ಆಗ ತಗೊಳ್ಳಿ. ಮೊದಲು ಒಂದು ಸಲ ನೀರಿನಲ್ಲಿ ನೆನೆಸಿ ಒಣಗಿಸಿಯೇ ಕೊಡಿ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಇಚ್ಚ ಅಭ್ಯಾಸಬಲದಿಂದ "ಒಳಗೆ ಬಟ್ಟೆ ಬಿಟ್ಟಿದ್ದೇನೆ, ಮುಂದೆ ದಪ್ಪ ಆದರೆ ಬಿಡಿಸಬಹುದು" ಎಂದರು. ಇಬ್ಬರೂ ನಕ್ಕೆವು. ಆ ಶರ್ಟ್ ಭುಜಕ್ಕೆ ಅಳತೆ, ಹೊಟ್ಟೆಗೆ ಸಡಿಲ. ಹಾಕಿದ ದಿನ ರೈಲಿನಲ್ಲಿ ಕುಂಬಳೆಯವರು ಮತ್ತೆ ಸಿಕ್ಕಿದರು. ಮೇಲಿಂದ ಕೆಳಗೆ ನೋಡಿದರು. "ಎಲ್ಲಿ ಹೊಲಿಸಿದ್ದು?" ಎಂದು ಮಾತ್ರ ಕೇಳಿದರು.

ಅಳತೆಯ ವಿಷಯಕ್ಕೆ ಬಂದರೆ, ಪ್ಯಾಂಟಿನ ಲೇಬಲ್ ನಂಬಬೇಡಿ. 36 ಎಂದು ಬರೆದ ಎಷ್ಟೋ ಪ್ಯಾಂಟುಗಳ ಸೊಂಟ ಟೇಪಿನಲ್ಲಿ 37, 38 ಇರುತ್ತದೆ, ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಮನೆಯಲ್ಲಿ ಸರಿಯಾಗಿ ಕೂರುವ ಒಂದು ಪ್ಯಾಂಟನ್ನು ನೆಲದ ಮೇಲೆ ಹಾಸಿ ಸೊಂಟಪಟ್ಟಿ ಅಳೆದು, ಅದನ್ನು ಎರಡರಿಂದ ಗುಣಿಸಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಹೊಟ್ಟೆಯ ಅಳತೆ ಬೇರೆ, ಅದನ್ನು ತಿಂಗಳಿಗೊಮ್ಮೆ ಟೇಪಿನಲ್ಲಿ ನೋಡಿ. ನಮ್ಮ ದೇಶದ ಗಂಡಸರಿಗೆ ಡಾಕ್ಟರುಗಳು ಹೇಳುವ ಗಡಿ 90 ಸೆಂಟಿಮೀಟರ್. ಕೆಜಿ ನಿಂತ ತಿಂಗಳಲ್ಲೂ ನನ್ನ ಟೇಪು ಇಳಿದಿತ್ತು.

ಕೊನೆಗೆ ಆ ಆಫರಿನ 32ರ ಜೀನ್ಸ್. ಬೇಡ. ನಾನೂ ತಗೊಂಡಿದ್ದೆ, ಅದನ್ನು ನೋಡಿ ನೋಡಿ ಹುರುಪು ಬರುತ್ತದೆ ಎಂದು ಕಪಾಟಿನ ಬಾಗಿಲಿಗೇ ನೇತು ಹಾಕಿದ್ದೆ. ಹುರುಪು ಬರಲಿಲ್ಲ. ಪ್ರತಿ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಒಂದು ಬೈಗುಳ ತಿಂದ ಹಾಗೆ ಆಗುತ್ತಿತ್ತು. ಸೊಂಟ 34ಕ್ಕೆ ಬಂದು ನಿಂತಿದೆ, ಡಾಕ್ಟರೂ ಸಾಕು ಎಂದರು. ಜೀನ್ಸ್ ಇನ್ನೂ ಟ್ಯಾಗ್ ಸಮೇತ ಇಲ್ಲೇ ಉಂಟು, ಕಡು ನೀಲಿ, ಒಮ್ಮೆಯೂ ಹಾಕಿಲ್ಲ. ಹತ್ತು ಕೆಜಿ ಇಳಿದ ಮೇಲೆ ನಿಮಗೆ ಆಗುತ್ತದೆ ಎಂದಾದರೆ ಹೇಳಿ, ಕೊಟ್ಟುಬಿಡುತ್ತೇನೆ.