ಸಗಣಿ, ಕೋಳಿ ಗೊಬ್ಬರವನ್ನು ಗ್ಯಾಸಿಫೈಯರ್‌ಗೆ ಹಾಕಿ ಕರೆಂಟು, ಬಯೋಚಾರ್ ಮಾಡುವುದು ಕೊಡಗಿನಲ್ಲಿ ಆಗುವ ಕೆಲಸವೇ?

ನೀವು ಬರೆದಿರುವುದು ಇಷ್ಟು: ಸೋಮವಾರಪೇಟೆ ಕಡೆ ಆರು ಎಕರೆ ಕಾಫಿ ತೋಟ, ಕೊಟ್ಟಿಗೆಯಲ್ಲಿ ಹನ್ನೆರಡು ಹಸು, ಹೊಸದಾಗಿ ಕಟ್ಟಿದ ಶೆಡ್ಡಿನಲ್ಲಿ 2000 ಬ್ರಾಯ್ಲರ್ ಕೋಳಿ. ಸಗಣಿಯನ್ನೂ ಕೋಳಿ ಗೊಬ್ಬರವನ್ನೂ ಗ್ಯಾಸಿಫೈಯರ್, ಅಂದರೆ ಅರೆಬರೆ ಸುಟ್ಟು ಉರಿಯುವ ಗ್ಯಾಸು ಮಾಡುವ ಒಂದೇ ಯಂತ್ರಕ್ಕೆ ಸುರಿದರೆ ಮನೆಗೆ ಕರೆಂಟು, ತೋಟಕ್ಕೆ ಬಯೋಚಾರ್ (ಮಣ್ಣಿಗೆ ಹಾಕುವ ಇದ್ದಿಲು) ಎರಡೂ ಬರುತ್ತದೆ ಎಂದು ಮಾರುವವರು ಬಂದು ಹೇಳಿ ಹೋಗಿದ್ದಾರೆ. ಸಾಲ ಮಾಡಿ ಹಾಕಿಸಲೇ ಎಂದು ಕೇಳಿದ್ದೀರಿ.

ದಯವಿಟ್ಟು ಸಾಲ ಮಾಡಬೇಡಿ. ನಾನು ಸುಂಟಿಕೊಪ್ಪದ ಹತ್ತಿರ ತೋಟ, ಹಸು ಎರಡನ್ನೂ ನೋಡಿಕೊಳ್ಳುವವಳು. ಈ ಯಂತ್ರದಲ್ಲಿ ನಾವು ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ನೀರಿನ ಲೆಕ್ಕ. ಹಸಿ ಸಗಣಿಯಲ್ಲಿ ನೂರಕ್ಕೆ ಎಂಬತ್ತು ಪಾಲು ನೀರು. ಐದು ಕಿಲೋ ಸಗಣಿ ತಂದರೆ ಅದರಲ್ಲಿ ನಾಲ್ಕು ಕಿಲೋ ನೀರು, ಒಣ ವಸ್ತು ಒಂದೇ ಕಿಲೋ. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 2.6 ಮೆಗಾಜೂಲ್ ಶಾಖ ಬೇಕು, ನಾಲ್ಕು ಕಿಲೋಗೆ ಹತ್ತಕ್ಕಿಂತ ಹೆಚ್ಚಾಯಿತು. ಉಳಿದ ಒಂದು ಕಿಲೋ ಒಣ ಸಗಣಿ ಪೂರ್ತಿ ಉರಿದರೂ ಸಿಗುವುದು ಹದಿಮೂರು, ಹದಿನಾಲ್ಕು ಮೆಗಾಜೂಲ್. ಒಣಗಿಸುವ ಒಲೆಯಲ್ಲಿ ಒಂದಿಷ್ಟು ಶಾಖ ಸೋರಿಹೋಗುತ್ತದೆ, ಎಂಜಿನ್ನಿನಲ್ಲಿ ಮುಕ್ಕಾಲು ಪಾಲು ಹೋಗುತ್ತದೆ. ಕೈಗೆ ಏನೂ ಉಳಿಯುವುದಿಲ್ಲ. ಗ್ಯಾಸಿಫೈಯರ್‌ಗೆ ಬೇಕಾಗುವುದು ಶೇಕಡಾ 20ಕ್ಕಿಂತ ಕಡಿಮೆ ತೇವದ ಸರಕು.

ಬಿಸಿಲಲ್ಲಿ ಒಣಗಿಸುತ್ತೇವೆ ಅನ್ನಬಹುದು. ಬಯಲುಸೀಮೆಯಲ್ಲಿ ಬೆರಣಿ ತಟ್ಟುತ್ತಾರೆ, ನಿಜ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಲೆಯ ಮೇಲೆ ಒಣಗಬೇಕು. ಗಟ್ಟಿ ಬಿಸಿಲು ಇರುವ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ, ಕಾಫಿ ಎತ್ತಿದ ಮೇಲೆ ಮೆಣಸು. ಸಗಣಿಗೆ ಜಾಗವೆಲ್ಲಿ? ಅದೂ ಆ ದಿನಗಳಲ್ಲಿ ಆಳುಗಳೇ ಸಿಗುವುದಿಲ್ಲ.

ಗ್ಯಾಸಿಫೈಯರ್ ಹೊಸ ವಿದ್ಯೆಯೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಬಸ್ಸು ಓಡಿಸುತ್ತಿದ್ದರಲ್ಲ, ಅದೇ ಇದು. ಉರಿಯುವುದಕ್ಕೆ ಸಾಲದಷ್ಟು ಗಾಳಿ ಕೊಟ್ಟು ಸೌದೆಯನ್ನು ಸುಡುತ್ತಾರೆ. ಒಂದು ಪಾಲು ಉರಿದ ಶಾಖದಲ್ಲಿ ಉಳಿದದ್ದು ಇದ್ದಿಲಾಗುತ್ತದೆ, ಆ ಕೆಂಡದ ಮೇಲೆ ಹಾದುಹೋಗುವ ಆವಿ ಮತ್ತು ಹೊಗೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಆಗಿ ಹೊರಬರುತ್ತದೆ. ಈ ಅನಿಲದಲ್ಲಿ ಅರ್ಧದಷ್ಟು ಬರೀ ಗಾಳಿಯ ನೈಟ್ರೋಜನ್. ಹಾಗಾಗಿ ಒಂದು ಘನ ಮೀಟರಿಗೆ ನಾಲ್ಕೈದು ಮೆಗಾಜೂಲ್ ಮಾತ್ರ ಶಕ್ತಿ. ಗೋಬರ್ ಗ್ಯಾಸಿನಲ್ಲಿ ಅದರ ನಾಲ್ಕು ಪಟ್ಟು ಇದೆ.

ಸಗಣಿ ಎಲ್ಲಿಗೆ, ಸೌದೆ ಎಲ್ಲಿಗೆ ಎನ್ನುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮದೇ ರಾಜ್ಯದಲ್ಲಿ ಎಂದೋ ಮಾಡಿ ತೋರಿಸಿದ್ದಾರೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿನ ಸಗಣಿಯನ್ನೆಲ್ಲ ಒಂದು ಬಯೋಗ್ಯಾಸ್ ಘಟಕಕ್ಕೆ ಹಾಕಿ 1987ರಿಂದ ದೀಪ ಉರಿಸಿದರು, ನೀರೆತ್ತಿದರು. ಗ್ಯಾಸು ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಮನೆಗಳಿಗೆ ವಾಪಸು ಹೋಯಿತು. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಗ್ಯಾಸಿಫೈಯರ್ ಕೂರಿಸಿದರು, ಅದಕ್ಕೆ ಹಾಕಿದ್ದು ಸೌದೆ. ಸೌದೆಗೆಂದೇ ಮರ ಬೆಳೆಸಿದರು. ಎರಡೂ ಯಂತ್ರ ಬಲ್ಲವರು ಸಗಣಿಯನ್ನು ಗ್ಯಾಸಿಫೈಯರ್‌ಗೆ ಹಾಕಲಿಲ್ಲ ಎನ್ನುವುದನ್ನು ನೀವು ಗಮನಿಸಬೇಕು.

ಇನ್ನು ನಮ್ಮ ಕಥೆ. ಕಾಫಿ ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯತೊಡಗಿದ ಮೇಲೆ ಕಾಫಿ ಒಣಗಿಸುವ ಡ್ರೈಯರ್ ಇಲ್ಲದೆ ಆಗುವುದಿಲ್ಲ ಅನ್ನಿಸಿ, ಅದಕ್ಕೆ ಶಾಖ ಕೊಡಲು ನಮ್ಮ ಮೈದುನ ಒಂದು ಸಣ್ಣ ಗ್ಯಾಸಿಫೈಯರ್ ತರಿಸಿದ. ಮಾರಿದವರು ಸಗಣಿ ಉಂಡೆ, ಕಾಫಿ ಹೊಟ್ಟು, ಏನು ಹಾಕಿದರೂ ಆಗುತ್ತದೆ ಅಂದಿದ್ದರು. ಬೇಸಿಗೆಯಲ್ಲಿ ಒಣಗಿಸಿ ಇಟ್ಟಿದ್ದ ಸಗಣಿ ಉಂಡೆಯನ್ನು ಹೊಟ್ಟಿನ ಜೊತೆ ಬೆರೆಸಿ ಹಾಕಿದೆವು. ಮೂರು ದಿನ ಚೆನ್ನಾಗಿಯೇ ಉರಿಯಿತು. ನಾಲ್ಕನೇ ದಿನ ಗ್ಯಾಸು ಬರುವುದು ನಿಂತಿತು, ಮೇಲಿಂದ ಹೊಗೆ ಮಾತ್ರ. ಆರಿಸಿ, ಒಂದು ರಾತ್ರಿ ತಣಿಯಲು ಬಿಟ್ಟು, ಬೆಳಿಗ್ಗೆ ಕೆಳಗಿನ ಬಾಗಿಲು ತೆಗೆದೆವು. ಕಬ್ಬಿಣದ ಜಾಲರಿಗೆ ತೆಂಗಿನಕಾಯಿ ಗಾತ್ರದ ಒಂದು ಮುದ್ದೆ ಕಚ್ಚಿಕೊಂಡಿತ್ತು. ಮೇಲ್ಮೈ ಕರಗಿದ ಬಳೆಯ ಹಾಗೆ ಹಸಿರು ಕಪ್ಪು ಹೊಳಪು, ಒಳಗೆ ತೂತು ತೂತು. ಹಾರೆ ಹಾಕಿ ಒಡೆಯಬೇಕಾಯಿತು, ಒಡೆಯುವಾಗ ಜಾಲರಿಯ ಎರಡು ಸರಳು ಬಾಗಿದವು.

ಅದು ಬೂದಿ. ಒಳ್ಳೆ ಸೌದೆಯಲ್ಲಿ ಬೂದಿ ನೂರಕ್ಕೆ ಒಂದೆರಡು ಪಾಲು. ಒಣ ಸಗಣಿಯಲ್ಲಿ ಹದಿನೈದರಿಂದ ಮೂವತ್ತರ ತನಕ ಹೋಗುತ್ತದೆ, ಕೊಟ್ಟಿಗೆಯ ನೆಲದಿಂದ ಬಾಚುವಾಗ ಮಣ್ಣು, ಮರಳೂ ಸೇರುತ್ತದಲ್ಲ. ಮರಳಿನ ಸಿಲಿಕಾ, ಸಗಣಿ ಮತ್ತು ಕಾಫಿ ಹೊಟ್ಟಿನ ಪೊಟ್ಯಾಷ್, ಇವೆರಡೂ ಸಾವಿರ ಡಿಗ್ರಿಯ ಹತ್ತಿರ ಸೇರಿದರೆ ಗಾಜಿನಂತೆ ಕರಗುತ್ತವೆ. ಕೋಳಿ ಗೊಬ್ಬರದಲ್ಲಿ ಪೊಟ್ಯಾಷ್ ಜೊತೆ ಕ್ಲೋರಿನ್ನೂ ಇರುವುದರಿಂದ ಕಬ್ಬಿಣ ತುಕ್ಕು ತಿನ್ನುತ್ತದೆ. ಈಗಲೂ ಆ ಯಂತ್ರ ನಮ್ಮಲ್ಲಿದೆ. ಅದಕ್ಕೆ ಒಣ ಕಾಫಿ ಕಟ್ಟಿಗೆ, ಸಿಲ್ವರ್ ಓಕ್ ತುಂಡು ಬಿಟ್ಟು ಬೇರೇನೂ ಹಾಕುವುದಿಲ್ಲ. ಎಂಜಿನ್ನಿಗೂ ಜೋಡಿಸಿಲ್ಲ, ಡ್ರೈಯರಿನ ಬಿಸಿ ಗಾಳಿಗೆ ಮಾತ್ರ. ಗ್ಯಾಸನ್ನು ಬಿಸಿಬಿಸಿ ಇರುವಾಗಲೇ ಉರಿಸಿಬಿಟ್ಟರೆ ಅದರಲ್ಲಿನ ಟಾರ್, ಅಂದರೆ ಡಾಂಬರಿನಂಥ ಜಿಡ್ಡು ಕೂಡ ಉರಿದುಹೋಗುತ್ತದೆ. ಎಂಜಿನ್ನಿಗೆ ಕೊಡಬೇಕಾದರೆ ತಣಿಸಬೇಕು, ತೊಳೆಯಬೇಕು. ತೊಳೆದ ನೀರು ಡಾಂಬರಿನ ವಾಸನೆಯ ವಿಷ. ಅದನ್ನು ತೋಡಿಗೆ ಬಿಟ್ಟರೆ ಹಾರಂಗಿಗೆ, ಅಲ್ಲಿಂದ ಕಾವೇರಿಗೆ. ನಮ್ಮ ಜಿಲ್ಲೆಯಲ್ಲಿ ಕೂತು ಯಾರೂ ಈ ಕೆಲಸ ಮಾಡಬಾರದು.

ಕೋಳಿ ಗೊಬ್ಬರದ ವಿಷಯ ಬೇರೆ. ಹೊಟ್ಟಿನ ಹಾಸಿನ ಮೇಲೆ ಬೆಳೆದ ಬ್ರಾಯ್ಲರ್ ಗೊಬ್ಬರ ಸಗಣಿಗಿಂತ ಎಷ್ಟೋ ಒಣಗಿರುತ್ತದೆ, ಉರಿಯುತ್ತದೆ. ಇಂಗ್ಲೆಂಡಿನ ಸಫೋಕ್‌ನಲ್ಲಿ ಐ ಎಂಬ ಊರಿನ ವಿದ್ಯುತ್ ಸ್ಥಾವರ 1992ರಿಂದ ಕೋಳಿ ಗೊಬ್ಬರವನ್ನೇ ಸುಟ್ಟು ಹನ್ನೆರಡು ಮೆಗಾವ್ಯಾಟಿಗೂ ಹೆಚ್ಚು ಕರೆಂಟು ಮಾಡಿದೆ. ಸುತ್ತಲಿನ ಫಾರಂಗಳಿಂದ ಲಾರಿಗಟ್ಟಲೆ ಗೊಬ್ಬರ ಬರುವ ಕಡೆ, ಹೊಲಕ್ಕೆ ಹಾಕಲು ಜಾಗ ಮಿಕ್ಕದ ಕಡೆ ಅದು ಸರಿ. ನಿಮ್ಮ 2000 ಕೋಳಿಗೆ ಒಂದು ಬ್ಯಾಚಿನಲ್ಲಿ ಎರಡು, ಎರಡೂವರೆ ಟನ್ ಗೊಬ್ಬರ ಬರಬಹುದು. ಅದರಲ್ಲಿ ಸಾರಜನಕ ಶೇಕಡಾ ಎರಡೂವರೆ ಅಂದುಕೊಂಡರೂ ಅರವತ್ತು ಕಿಲೋ ಆಯಿತು, ಅಂದರೆ 45 ಕಿಲೋದ ಮೂರು ಚೀಲ ಯೂರಿಯಾದಷ್ಟು. ಗ್ಯಾಸಿಫೈಯರ್ ಶಾಖದಲ್ಲಿ ಈ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಗಾಳಿಗೆ ಹೋಗುತ್ತದೆ, ರಂಜಕ ಮತ್ತು ಪೊಟ್ಯಾಷ್ ಮಾತ್ರ ಬೂದಿಯಲ್ಲಿ ಉಳಿಯುತ್ತದೆ. ಆರು ಎಕರೆ ಕಾಫಿ ಇಟ್ಟುಕೊಂಡು ಅದನ್ನು ಸುಟ್ಟು, ಆಮೇಲೆ ಸೊಸೈಟಿ ಮುಂದೆ ಯೂರಿಯಾಕ್ಕೆ ನಿಲ್ಲುವುದು ನನಗಂತೂ ಒಪ್ಪುವುದಿಲ್ಲ. ಕೋಳಿ ಗೊಬ್ಬರವನ್ನು ತರಗೆಲೆ, ಹೊಟ್ಟಿನ ಜೊತೆ ಕೊಳೆಸಿ ತೋಟಕ್ಕೇ ಕೊಡಿ.

ಸಗಣಿಗೆ ಗೋಬರ್ ಗ್ಯಾಸೇ ಸರಿ. ಅಲ್ಲಿ ನೀರು ಬೇಕೇ ಬೇಕು, ಒಣಗಿಸುವ ತಾಪತ್ರಯವಿಲ್ಲ. ಒಂದು ಕಿಲೋ ಸಗಣಿಗೆ ಸುಮಾರು ನಲವತ್ತು ಲೀಟರ್ ಗ್ಯಾಸು ಲೆಕ್ಕ. ನಿಮ್ಮ ಹನ್ನೆರಡು ಹಸುವಿನ 120 ಕಿಲೋ ಸಗಣಿ ಹಿಡಿದರೆ ದಿನಕ್ಕೆ ಐದು ಘನ ಮೀಟರಿನ ಹತ್ತಿರ. ತಿಂಗಳಿಗೆ ನಾಲ್ಕು ಸಿಲಿಂಡರಿನಷ್ಟು. ಮನೆ ಅಡುಗೆಗೆ ಎರಡು ಘನ ಮೀಟರ್ ಸಾಕು, ಉಳಿದದ್ದರಲ್ಲಿ ಸ್ನಾನದ ಹಂಡೆ, ಹಂದಿ ಇದ್ದರೆ ಅದರ ತಿನಿಸು ಬೇಯಿಸುವುದು ಎಲ್ಲ ಆಗುತ್ತದೆ. 1984ರಲ್ಲಿ ಬಂದ ದೀನಬಂಧು ಮಾದರಿ, ಅಂದರೆ ನೆಲದೊಳಗಿನ ಇಟ್ಟಿಗೆ ಗುಮ್ಮಟದ್ದು, ನಮ್ಮ ಹವೆಗೆ ವಾಸಿ. ಹಳೆ ಮಾದರಿಯಲ್ಲಿ ಗ್ಯಾಸು ತುಂಬಿಕೊಳ್ಳಲು ಇರುವ, ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ಮು ಅದರಲ್ಲಿಲ್ಲ, ಮಣ್ಣು ಮುಚ್ಚಿರುವುದರಿಂದ ಒಳಗಿನ ಬೆಚ್ಚಗೂ ಉಳಿಯುತ್ತದೆ. ಸಗಣಿಯಿಂದ ಗ್ಯಾಸು ಮಾಡುವ ಸೂಕ್ಷ್ಮಾಣುಗಳಿಗೆ ಮೂವತ್ತು, ಮೂವತ್ತೈದು ಡಿಗ್ರಿ ಬೇಕು. ಜುಲೈಯಲ್ಲಿ ನಮ್ಮ ಒಲೆ ಅರ್ಧಕ್ಕೆ ಇಳಿಯುತ್ತದೆ, ನಿಮ್ಮದೂ ಇಳಿಯುತ್ತದೆ. ನಮ್ಮ ಅತ್ತೆ ಮಳೆಗಾಲದಲ್ಲಿ ಬೆಚ್ಚಗಿನ ನೀರಿನಲ್ಲೇ ಸಗಣಿ ಕಲಸುತ್ತಾರೆ, ಗುಮ್ಮಟದ ಸುತ್ತ ತಿಪ್ಪೆ ಗೊಬ್ಬರ ಏರಿಸುತ್ತಾರೆ. ಅದರಿಂದ ವ್ಯತ್ಯಾಸ ಕಾಣುತ್ತದೆ.

ಈಗ ಬಯೋಚಾರ್. ಇದರ ಬಗ್ಗೆ ನನಗೆ ನಿಜವಾಗಿ ಆಸೆ ಇದೆ. ನಮ್ಮ ಮಣ್ಣು ಹುಳಿ, ಮಳೆ ಹಾಕಿದ್ದನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಇದ್ದಿಲು ಕ್ಷಾರ, ಅದರ ಸಣ್ಣ ಸಣ್ಣ ತೂತುಗಳಲ್ಲಿ ನೀರೂ ಗೊಬ್ಬರವೂ ನಿಲ್ಲುತ್ತದೆ. ಆದರೆ ಇದ್ದಿಲು ಬೇಕಾದವರಿಗೆ ಗ್ಯಾಸಿಫೈಯರ್ ದಾರಿಯಲ್ಲ, ಅದು ಇದ್ದಿಲನ್ನೇ ತಿಂದು ಗ್ಯಾಸು ಮಾಡುತ್ತದೆ. ಹಾಕಿದ್ದರಲ್ಲಿ ಉಳಿಯುವುದು ನೂರಕ್ಕೆ ಐದರಿಂದ ಹದಿನೈದು. ನಿಧಾನ ಸುಟ್ಟರೆ ಇಪ್ಪತ್ತೈದು, ಮೂವತ್ತು ಸಿಗುತ್ತದೆ. ಮರಗಸಿಯಲ್ಲಿ (ನೆರಳು ಮರ ಸವರುವಾಗ) ಕಡಿದ ಕೊಂಬೆ, ಕಪಾತಿನ ಕಡ್ಡಿ, ಕಾಂಡಕೊರಕ ಹಿಡಿದು ಕಿತ್ತ ಅರೇಬಿಕಾ ಗಿಡ, ಇಷ್ಟು ನಿಮ್ಮ ತೋಟದಲ್ಲೇ ಇದೆ. ಕಾಂಡಕೊರಕ ಹಿಡಿದ ಗಿಡವನ್ನು ಹೇಗೂ ಸುಡಲೇಬೇಕು.

ನಾವು ಮಾಡುವುದು ಹೀಗೆ. ನಾಲ್ಕೈದು ಅಡಿ ಅಗಲ, ಮೂರಡಿ ಆಳ, ಕೆಳಗೆ ಕಿರಿದಾಗುತ್ತಾ ಹೋಗುವ ಗುಂಡಿ, ಬಾಣಲೆಯ ಹಾಗೆ. ತಳದಲ್ಲಿ ಒಣ ಕಡ್ಡಿಗೆ ಬೆಂಕಿ. ಕೆಂಡದ ಮೇಲೆ ಬಿಳಿ ಬೂದಿ ಹಿಡಿಯಲು ಶುರುವಾಯಿತು ಅನ್ನುವಾಗ ಮುಂದಿನ ಪದರ ಹಾಕಬೇಕು. ಮೇಲಿನ ಜ್ವಾಲೆ ಗಾಳಿಯನ್ನೆಲ್ಲ ತಿನ್ನುವುದರಿಂದ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಸರಿಯಾಗಿ ಉರಿದರೆ ಹೊಗೆಯೇ ಇಲ್ಲ. ಗುಂಡಿ ತುಂಬಿದ ಮೇಲೆ ಗೋಬರ್ ಗ್ಯಾಸಿನ ಬಗ್ಗಡಕ್ಕೆ ನೀರು ಬೆರೆಸಿ ಸುರಿದು ಆರಿಸುತ್ತೇವೆ. ಮರುದಿನ ಒಂದು ತುಂಡು ಎತ್ತಿ ಮುರಿಯಿರಿ, ಒಡೆದ ಹೆಂಚಿನ ಹಾಗೆ ಟಣ್ ಎನ್ನಬೇಕು. ಕೈಗೆ ಹತ್ತಿದ ಕಪ್ಪು ಬರೀ ನೀರಲ್ಲಿ ತೊಳೆದುಹೋಗಬೇಕು. ಜಿಡ್ಡಾಗಿ ಅಂಟಿಕೊಂಡರೆ ಟಾರ್ ಉಳಿದಿದೆ, ಅದನ್ನು ಮತ್ತೆ ಸುಡಬೇಕು.

ಒಂದು ತಪ್ಪು ಮಾತ್ರ ಮಾಡಬೇಡಿ: ಬರೀ ಇದ್ದಿಲನ್ನು ಗಿಡದ ಬುಡಕ್ಕೆ ಹಾಕಬೇಡಿ. ಅದು ಮಣ್ಣಿನಲ್ಲಿರುವ ಸಾರಜನಕವನ್ನೇ ಹೀರಿ ಹಿಡಿದುಕೊಳ್ಳುತ್ತದೆ. ಮೊದಲ ವರ್ಷ ನಾವು ಹಾಗೆ ಹಾಕಿದ ಒಂದು ಸಾಲು ಗಿಡದ ಎಲೆ ಹಳದಿಯಾಗಿತ್ತು. ಪುಡಿ ಮಾಡಿ, ಬಗ್ಗಡ ಮತ್ತು ಗಂಜಲದಲ್ಲಿ ಎರಡು ವಾರ ನೆನೆಸಿ, ಕೊಟ್ಟಿಗೆ ಗೊಬ್ಬರದ ಜೊತೆ ಕೊಡಿ. ಸುಣ್ಣ ಹಾಕುವ ತೋಟವಾದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಇದ್ದಿಲೂ ಕ್ಷಾರವಾದ್ದರಿಂದ ಸುಣ್ಣ ಕಡಿಮೆ ಸಾಕಾಗಬಹುದು.

ಇಷ್ಟಾದ ಮೇಲೂ ಯಂತ್ರ ಬೇಕೇ ಬೇಕು ಅಂದರೆ, ಡ್ರೈಯರಿಗಾಗಿ, ಒಣ ಸೌದೆಗೆ ಮಾತ್ರ ಯೋಚಿಸಿ. ಮಳೆಯ ಚಳಿಗೆ ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಯಾವತ್ತೂ ಇಡಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪಕ್ಕದಲ್ಲಿ ಮಲಗಿದವರು ಏಳುವುದಿಲ್ಲ.

ಆ ಮಾರುವವರು ಮತ್ತೆ ಬಂದರೆ ನಿಮ್ಮ ಕೊಟ್ಟಿಗೆಯ ಇವತ್ತಿನ ಸಗಣಿಯನ್ನೇ ಹಾಕಿ, ನಿಮ್ಮ ಕಣ್ಣೆದುರು ಒಂದು ವಾರ ಓಡಿಸಿ ತೋರಿಸಲಿ. ಅಷ್ಟರಲ್ಲಿ ನೀವು ಹತ್ತು ಕಿಲೋ ಸಗಣಿ, ಹತ್ತು ಕಿಲೋ ಕೋಳಿ ಗೊಬ್ಬರ ತೂಗಿ, ಬೇರೆ ಬೇರೆ ತಟ್ಟೆಯಲ್ಲಿ ಗರಿಗರಿಯಾಗಿ ಒಣಗಿಸಿ, ಮತ್ತೆ ತೂಗಿ ನೋಡಿ. ಬಂದ ಎರಡು ಸಂಖ್ಯೆಯನ್ನು ಇಲ್ಲಿ ಬರೆಯಿರಿ, ದಿನಕ್ಕೆ ಎಷ್ಟು ಸಗಣಿ ಸಿಗುತ್ತದೆ ಅನ್ನುವುದನ್ನೂ ಬರೆಯಿರಿ. ನಿಮ್ಮ ಮನೆಗೆ ಎಷ್ಟು ಘನ ಮೀಟರಿನ ಗುಮ್ಮಟ ಬೇಕು ಎಂದು ಕೂತು ಲೆಕ್ಕ ಹಾಕಿ ಹೇಳುತ್ತೇನೆ.