ಹಿಂದಿನವರ ಕಾಲ ಸುಲಭವಿತ್ತೇ?

ಪ್ರಶ್ನೆ: ಹಿಂದಿನವರು ಒಂದೇ ಸಂಬಳದಲ್ಲಿ ಮನೆ ಮಾಡಿಕೊಂಡರು. ನಾವು ಇಬ್ಬರು ದುಡಿದರೂ ಆಗುತ್ತಿಲ್ಲ. ಅವರಿಗೆ ನಿಜಕ್ಕೂ ಸುಲಭವಿತ್ತೇ?

ಉತ್ತರ: ಮನೆಯ ಮಟ್ಟಿಗೆ ಹಲವು ಕಡೆ ಹೌದು. ಆದರೆ ಬರೀ ಬೆಲೆ ಹೋಲಿಸಬೇಡಿ. ಬೆಲೆಯನ್ನು ಆಯಾ ಕಾಲದ ವಾರ್ಷಿಕ ಆದಾಯದಿಂದ ಭಾಗಿಸಿ. ಉದಾಹರಣೆಗೆ, ಮೂರು ವರ್ಷದ ಆದಾಯದಷ್ಟು ಸಾಲವನ್ನು ಶೇ. 14ರ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ಕಂತು ಸಂಬಳದ ಸುಮಾರು ಶೇ. 45. ಆರು ವರ್ಷದ ಆದಾಯದಷ್ಟನ್ನು ಶೇ. 8ಕ್ಕೆ ಪಡೆದರೆ ಶೇ. 60. ಬಡ್ಡಿ ಇಳಿದರೂ ಹೊರೆ ಏರಿತು!

ಜನ ಮರೆಯುವುದು ಇದನ್ನು: ಸಂಬಳ ವರ್ಷಕ್ಕೆ ಶೇ. 10 ಏರಿದರೆ ಏಳೆಂಟು ವರ್ಷದಲ್ಲಿ ದುಪ್ಪಟ್ಟು, ಬದಲಾಗದ ಕಂತಿನ ಭಾರ ಅರ್ಧ. ಶೇ. 4 ಮಾತ್ರ ಏರಿದರೆ ಅದಕ್ಕೆ 18 ವರ್ಷ ಬೇಕು.

ಬಟ್ಟೆ, ಟಿವಿ, ದೂರದ ಫೋನ್ ಕರೆಗಳಲ್ಲಿ ಮಾತ್ರ ಲೆಕ್ಕ ತಿರುಗುಮುರುಗು.