ಓದುಗರ ಪ್ರಶ್ನೆ: ಎಥಿಕ್ಸ್ ಕಮಿಟಿಯ ಫೈಲು ನೋಡಿಕೊಳ್ಳಲು ತರಬೇತಿ ಇದೆಯಾ?

ಪ್ರಶ್ನೆ: ಮೇಡಂ, ನಾನು ವಿರಾಜಪೇಟೆ ಕಡೆಯವಳು. ಬಿ.ಕಾಂ. ಓದಿ ಒಂದು ಕಾಲೇಜಿನ ಕಚೇರಿಯಲ್ಲಿ 6 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೋದ ತಿಂಗಳಿಂದ, ಜನರ ಮೇಲೆ ನಡೆಸುವ ಸಂಶೋಧನೆ ನ್ಯಾಯವಾಗಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಯ ಕೆಲಸವೂ ನನ್ನ ಮೇಲೆ ಬಿದ್ದಿದೆ. ‘ಫೈಲು ಇಟ್ಟುಕೊಂಡು, ಮೀಟಿಂಗಿಗೆ ಫೋನ್ ಮಾಡಿದರೆ ಸಾಕು’ ಎಂದರು. ಆದರೆ ಬರುವ ಕಾಗದ ಅರ್ಧವೂ ಅರ್ಥವಾಗುವುದಿಲ್ಲ. ಇದಕ್ಕೆ ತರಬೇತಿ ಇದೆಯಾ? ಡಾಕ್ಟರ್ ಅಲ್ಲದ ನಾನು ಕಲಿಯಬಹುದಾ?

ಉತ್ತರ: ಖಂಡಿತ ಕಲಿಯಬಹುದು. ನಾನೂ ಡಾಕ್ಟರ್ ಅಲ್ಲ. ಇದೇ ಕೆಲಸವನ್ನು 17 ವರ್ಷ ಮಾಡಿ ಈಗ ಸೋಮವಾರಪೇಟೆ ಹತ್ತಿರ ಮನೆಯಲ್ಲಿದ್ದೇನೆ. ‘ಫೋನ್ ಮಾಡಿದರೆ ಸಾಕು’ ಎಂಬ ಮಾತನ್ನು ಮಾತ್ರ ನಂಬಬೇಡಿ. ಅದನ್ನು ನಂಬಿ ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ.

ಒಂದು ತೋಟದ ಕೆಲಸದವರು ಇರುವ ಲೈನ್ ಮನೆಗಳಲ್ಲಿ ರಕ್ತಹೀನತೆಯ ಅಧ್ಯಯನ ನಡೆಯುತ್ತಿತ್ತು. ಸಮಿತಿಯವರು ಸ್ಥಳಕ್ಕೆ ಹೋಗಿ ನೋಡುವಾಗ ಬರೆದುಕೊಳ್ಳಲು ನಾನೂ ಹೋಗಿದ್ದೆ. ಓದು ಬಾರದವರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ, ಓದು ಬಲ್ಲ, ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. 40 ಪತ್ರಗಳನ್ನು ಸಾಲಾಗಿ ಜೋಡಿಸಿದೆ. ಎಲ್ಲದರಲ್ಲೂ ಒಬ್ಬರದ್ದೇ ಸಾಕ್ಷಿ ಸಹಿ. ತೋಟದ ರೈಟರದ್ದು! ಅವರು ಕೆಟ್ಟವರೇನಲ್ಲ. ಆದರೆ ದಿನಾ ಹಾಜರಿ ಬರೆಯುವವರು ಪಕ್ಕದಲ್ಲೇ ನಿಂತಿದ್ದರೆ ‘ನನಗೆ ಬೇಡ’ ಎನ್ನಲು ಯಾವ ಕೆಲಸದವರಿಗೆ ಧೈರ್ಯ ಬರುತ್ತದೆ ಹೇಳಿ? ಅಷ್ಟರಲ್ಲಿ ಯರವ ಬುಡಕಟ್ಟಿನ ಒಬ್ಬ ಹೆಂಗಸು ಬಂದು ಕೇಳಿದರು, ‘ರಕ್ತ ತಗೊಂಡು ಹೋದ್ರಲ್ಲಾ, ಚೀಟಿ ಯಾವಾಗ ಬರ್ತದೆ?’ ಆಸ್ಪತ್ರೆಯವರು ತನ್ನ ಕಾಯಿಲೆ ನೋಡಲು ಬಂದಿದ್ದಾರೆ ಎಂದೇ ಅವರು ತಿಳಿದಿದ್ದರು.

ಅದರಲ್ಲಿ ಮೊದಲ 10 ಪತ್ರಗಳ ನಕಲು ಒಂದು ತಿಂಗಳ ಹಿಂದೆಯೇ ನನ್ನ ಮೇಜಿಗೆ ಬಂದಿತ್ತು. ನಾನು ತೂತು ಹೊಡೆದು ಫೈಲಿಗೆ ಹಾಕಿದ್ದೆ, ಅಷ್ಟೇ. ಏನು ನೋಡಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಈಗಲೂ ಆ ಹೆಂಗಸಿನ ಮುಖ ನೆನಪಾಗುತ್ತದೆ. ಆಮೇಲೆ ಅಧ್ಯಯನ ನಿಲ್ಲಿಸಿ, ಅವರದ್ದೇ ಸಮುದಾಯದ ಒಬ್ಬರಿಂದ ಅವರದ್ದೇ ಮಾತಿನಲ್ಲಿ ಮತ್ತೆ ಹೇಳಿಸಿದರು. ಕೆಲವರು ‘ಬೇಡ’ ಎಂದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಹಾಗೇ ಆಗಬೇಕು.

ಈಗ ನಿಮ್ಮ ತರಬೇತಿಯ ವಿಷಯ. ಮೊದಲು ಓದಬೇಕಾದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ತಂದ ರಾಷ್ಟ್ರೀಯ ಮಾರ್ಗಸೂಚಿ. ದೊಡ್ಡ ಪುಸ್ತಕ, ಹೆದರಬೇಡಿ. ಸಮಿತಿ ಬಗ್ಗೆ ಇರುವ ಅಧ್ಯಾಯ, ಒಪ್ಪಿಗೆಯ ಅಧ್ಯಾಯ, ದುರ್ಬಲರ ಅಧ್ಯಾಯ, ಮೊದಲು ಈ ಮೂರು ಸಾಕು. ನಿಮ್ಮಲ್ಲಿ ಹೊಸ ಔಷಧದ ಪರೀಕ್ಷೆ ನಡೆಯುವುದಾದರೆ 2019ರ ‘ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷೆ ನಿಯಮಗಳು’ ಕೂಡ ಬೇಕು. ಔಷಧ ಪರೀಕ್ಷೆಯನ್ನು ಸರಿಯಾಗಿ ನಡೆಸುವ ಕ್ರಮ ಕಲಿಸುವ ಗುಡ್ ಕ್ಲಿನಿಕಲ್ ಪ್ರಾಕ್ಟೀಸ್ ಕೋರ್ಸನ್ನು ಆನ್‌ಲೈನಿನಲ್ಲೇ ಮಾಡಬಹುದು. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ನಡೆಸುವ ‘ಹೆಲ್ತ್ ರಿಸರ್ಚ್ ಫಂಡಮೆಂಟಲ್ಸ್’ ಪಾಠಗಳು ಆನ್‌ಲೈನ್ ಕಲಿಕೆಯ ತಾಣವಾದ ಎನ್‌ಪಿಟಿಇಎಲ್‌ನಲ್ಲಿವೆ. ಪಾಠ ಕೇಳಲು ಹಣ ಬೇಡ, ಸರ್ಟಿಫಿಕೇಟಿಗೆ ಪರೀಕ್ಷೆ ಕಟ್ಟಬೇಕು. ಸಂಶೋಧನೆಯ ಭಾಷೆ ಅಲ್ಲಿಂದ ಬರುತ್ತದೆ. ಎಥಿಕ್ಸ್ ಕಮಿಟಿಗಳಿಗಾಗಿಯೇ ಇರುವ ‘ಫರ್ಸಿ’ ಎಂಬ ವೇದಿಕೆಯೂ ದೇಶದಲ್ಲಿ ತರಬೇತಿ ನಡೆಸುತ್ತದೆ. ಅಮೆರಿಕದಲ್ಲಿ ನಿಮ್ಮಂಥ ಕೆಲಸದವರಿಗೇ ‘ಸಿಐಪಿ’ ಎಂಬ ಪರೀಕ್ಷೆ ಇದೆ. ಅದು ಅವರ ಕಾನೂನಿನದ್ದು, ನಿಮಗೆ ಬೇಕಿಲ್ಲ. ಆದರೆ ಇದು ಗುಮಾಸ್ತೆ ಕೆಲಸ ಎನ್ನುವವರಿಗೆ ಹೇಳಲು ಗೊತ್ತಿರಲಿ.

ಸದಸ್ಯರಿಗೆ ತರಬೇತಿ ಆಗಿರಬೇಕು ಎಂದು ನಿಯಮವೇ ಹೇಳುತ್ತದೆ. ಅದು ನಡೆಯುವ ದಿನ ನಿಮಗೂ ಒಂದು ಕುರ್ಚಿ ಬೇಕೆಂದು ಮೆಂಬರ್ ಸೆಕ್ರೆಟರಿಯವರನ್ನು ಬರವಣಿಗೆಯಲ್ಲಿ ಕೇಳಿ. ಚಹಾ ವ್ಯವಸ್ಥೆಗೆ ಹೊರಗೆ ನಿಲ್ಲಬೇಡಿ.

ಉಳಿದದ್ದು ಮೇಜಿನ ಮೇಲೆ ಕಲಿಯುವಂಥದ್ದು. ಕೋರಂಗೆ, ಅಂದರೆ ಮೀಟಿಂಗ್ ನಡೆಯಲು, ಕನಿಷ್ಠ 5 ಜನ ಬೇಕು, ಐವರೂ ಡಾಕ್ಟರ್‌ಗಳೇ ಆದರೆ ನಡೆಯುವುದಿಲ್ಲ. ತನ್ನದೇ ಅಧ್ಯಯನ ಚರ್ಚೆಗೆ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. ಹೋದರು ಎಂದು ನೀವು ಮಿನಿಟ್ಸ್‌ನಲ್ಲಿ ಬರೆಯಬೇಕು. ಹಿರಿಯ ಪ್ರೊಫೆಸರ್ ಆದರೂ ಅಷ್ಟೇ. ಔಷಧ ಪರೀಕ್ಷೆಯಲ್ಲಿ ಯಾರಿಗಾದರೂ ಗಂಭೀರ ತೊಂದರೆಯಾದರೆ ಸಂಶೋಧಕರು 24 ಗಂಟೆಯೊಳಗೆ ಸಮಿತಿಗೂ ತಿಳಿಸಬೇಕು, ಸಮಿತಿಯ ವರದಿ 30 ದಿನದೊಳಗೆ ಔಷಧ ನಿಯಂತ್ರಕರಿಗೆ ಹೋಗಬೇಕು. ಕಕ್ಕಡ ತಿಂಗಳ ಜೋರು ಮಳೆಗೆ ಮೂರು ದಿನ ಕರೆಂಟ್ ಇಲ್ಲ ಎಂದರೆ ಆ ಲೆಕ್ಕ ನಿಲ್ಲುವುದಿಲ್ಲ. ಆದ್ದರಿಂದ ಸದಸ್ಯರ ಫೋನ್ ನಂಬರುಗಳನ್ನು ಕಾಗದದಲ್ಲೂ ಬರೆದಿಡಿ. ಅಧ್ಯಯನ ಮುಗಿದ ಮೇಲೆ ಕಡತಗಳನ್ನು 3 ವರ್ಷ, ಔಷಧ ಪರೀಕ್ಷೆಯದ್ದಾದರೆ 5 ವರ್ಷ ಕಾಪಾಡಬೇಕು. ನಮ್ಮ ಹವೆಯಲ್ಲಿ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಕಬ್ಬಿಣದ ಬೀರು ಕೇಳಿ, ಗೋಡೆಯಿಂದ ದೂರ ಇಡಿಸಿ.

ಪ್ರಶ್ನೆ: ನಾನು ಪೊನ್ನಂಪೇಟೆಯ ನಿವೃತ್ತ ಶಿಕ್ಷಕ. ಇಂಥದ್ದೇ ಸಮಿತಿಗೆ ಸಾಮಾನ್ಯ ಜನರ ಪರವಾಗಿ ಸದಸ್ಯನಾಗಲು ಕರೆದಿದ್ದಾರೆ. ವೈದ್ಯಕೀಯ ಗೊತ್ತಿಲ್ಲದೆ ಒಪ್ಪಬಹುದೇ?

ಉತ್ತರ: ಒಪ್ಪಿ ಮೇಷ್ಟ್ರೇ. ವೈದ್ಯಕೀಯ ನೋಡಲು ಬೇರೆಯವರಿದ್ದಾರೆ. ಜನರಿಗೆ ಕೊಡುವ ಮಾಹಿತಿ ಹಾಳೆಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. ‘ಯಾದೃಚ್ಛಿಕ’ ಎಂಬಂಥ ಪದ ಬಂದರೆ ಕೆಂಪು ಗೆರೆ ಎಳೆಯಿರಿ. ಕಾಫಿ ಕುಯ್ಯುವ ಕಾಲದಲ್ಲಿ ಕೆಲಸದವರನ್ನು ಅಧ್ಯಯನಕ್ಕೆ ಕರೆದರೆ ಅವರ ಒಂದು ದಿನದ ಕೂಲಿ ಯಾರು ಕೊಡುತ್ತಾರೆ ಎಂದು ಕೇಳಿ. ಅರ್ಥವಾಗದೆ ತಲೆಯಾಡಿಸಬೇಡಿ. ಕಾಗದಗಳು ಮೀಟಿಂಗಿಗೆ ಒಂದು ವಾರ ಮೊದಲೇ ಕೈ ಸೇರಬೇಕು ಎಂದು ಈಗಲೇ ಹೇಳಿಬಿಡಿ. ಬಸ್ ಖರ್ಚು ಕೇಳಲು ಸಂಕೋಚ ಬೇಡ.